ಬಿಚ್ಚುವ ಮುನ್ನ ಬರೆದಿಡಬೇಕು

ಕನ್ನಡ ಶಾಸನಗಳನ್ನು ಓದಿದ ವಿದ್ಯಾರ್ಥಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಹೊಸದಲ್ಲ. ದೇಗುಲಕ್ಕೋ ಬಸದಿಗೋ ಭೂಮಿಯನ್ನು ಬಿಡುವಾಗ ದಾನಿಗಳು ಪೂಜೆಗೆ, ನೈವೇದ್ಯಕ್ಕೆ, ತಪಸ್ವಿಗಳ ಆಹಾರಕ್ಕೆ ಎಂದು ಹೇಳುವುದರೊಡನೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆ ಎಂದೂ ಕಲ್ಲಿನಲ್ಲಿ ಬರೆಯಿಸಿದರು. ಕಟ್ಟಿದ್ದು ಎಂದಾದರೊಂದು ದಿನ ಬಿರುಕು ಬಿಟ್ಟೇ ಬಿಡುತ್ತದೆ, ಆ ದಿನಕ್ಕಾಗಿ ಇಂದೇ ಆದಾಯವನ್ನು ತೆಗೆದಿಡಬೇಕು ಎಂಬ ವಿವೇಕ ಆ ಮಾತಿನಲ್ಲಿದೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಮಡಕಶಿರಾ ಸೀಮೆಯಲ್ಲಿಯೇ ಇದೆ. ಅಲ್ಲಿನ ಗುಡಿಗಳನ್ನೂ ಕನ್ನಡ ಶಾಸನಗಳನ್ನೂ ನೋಡಲು ಹೋಗುವ ವಿದ್ಯಾರ್ಥಿಗಳು ಈ ಪದ ಬಳಕೆಯಲ್ಲಿದ್ದ ನೆಲದ ಮೇಲೆಯೇ ನಡೆಯುತ್ತಾರೆ.

ಆ ಪದವನ್ನು ಒಂದು ಹಳೆಯ ಕಾರಿಗೆ ಅನ್ವಯಿಸಿದರೆ ಪಂಡಿತರು ಹುಬ್ಬೇರಿಸಬಹುದು. ವೇಗಕ್ಕೆ ಹೆಸರಾದ ಹಳೆಯ ಕಾರೊಂದನ್ನು ಮನೆಯ ಹಿತ್ತಿಲಿನಲ್ಲಿ, ರಜೆಯ ದಿನಗಳಲ್ಲಿ, ವರ್ಷಗಟ್ಟಲೆ ಕುಳಿತು ಸರಿಪಡಿಸುವ ಕೆಲಸವನ್ನು ಲೋಕ ಹವ್ಯಾಸವೆಂದು ಕರೆಯುತ್ತದೆ. ಕೆಲವರು ಹುಚ್ಚೆಂದೇ ಕರೆಯುತ್ತಾರೆ. ಇಲ್ಲಿ ಮುಂದಿಡುವ ಅಭಿಪ್ರಾಯ ಬೇರೆ. ಆ ಕೆಲಸ ಒಂದು ಬಗೆಯ ಓದು. ಗ್ರಂಥಸಂಪಾದನೆಯ ಪಾಠ ಕೇಳಿದ ಕನ್ನಡ ವಿದ್ಯಾರ್ಥಿಗೆ ಅದರ ನಿಯಮಗಳು ಆಗಲೇ ಪರಿಚಿತವಾಗಿವೆ. ಆ ಓದಿನ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದಿಡದೆ ಹೋದರೆ, ಕಾರು ಉಳಿದರೂ ಅದರ ವಿದ್ಯೆ ಉಳಿಯುವುದಿಲ್ಲ.

ಕನ್ನಡ ನಾಡಿನಲ್ಲಿಯೇ ತಯಾರಾದ ಇಂಥ ಕಾರೊಂದಿದೆ. ಬೆಂಗಳೂರಿನ ಸಿಪಾನಿ ಸಂಸ್ಥೆ 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಗಾಲಿಯ ವಾಹನವನ್ನು ತಯಾರಿಸಿತು. 1980ರ ದಶಕದ ಮೊದಲ ವರ್ಷಗಳಲ್ಲಿ ‘ಡಾಲ್ಫಿನ್’ ಎಂಬ ನಾಲ್ಕು ಗಾಲಿಯ ಪುಟ್ಟ ಕಾರನ್ನು ಹೊರತಂದಿತು. ಅದರ ಮೂಲ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’. ಹೆಸರನ್ನು ನೋಡಿ ಇಂದಿನ ರಿಲಯನ್ಸ್ ಎಂದು ಭಾವಿಸಬಾರದು. ಉಕ್ಕಿನ ಚಾಸಿಸ್ಸಿನ ಮೇಲೆ ಫೈಬರ್ ಗ್ಲಾಸಿನ ಮೈ, ಮುಂದೆ 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್, ಚಾಲನೆ ಹಿಂದಿನ ಗಾಲಿಗಳಿಗೆ. ಅಂಬಾಸಿಡರ್, ಪದ್ಮಿನಿಗಳಂಥ ಉಕ್ಕಿನ ಮೈಯ ಭಾರದ ಕಾರುಗಳೇ ರಸ್ತೆಯನ್ನು ಆಳುತ್ತಿದ್ದ ಕಾಲದಲ್ಲಿ ಇದು ಗಾಳಿಪಟದಂತೆ ಹಗುರವಾಗಿತ್ತು. ಎಂಜಿನ್ ಚಿಕ್ಕದಾದರೂ ಎಳೆಯಬೇಕಾದ ಭಾರವೂ ಕಡಿಮೆಯಾದ್ದರಿಂದ ಅದು ಚುರುಕಾಗಿ ಓಡಿತು, ದಕ್ಷಿಣ ಭಾರತದ ರ‍್ಯಾಲಿಗಳಲ್ಲಿ ಹೆಸರು ಮಾಡಿತು.

ರ‍್ಯಾಲಿಯ ಚಾಲಕರು ಮೆಚ್ಚಿದ್ದನ್ನು ಗೃಹಸ್ಥರು ಮೆಚ್ಚಲಿಲ್ಲ. ಎರಡೇ ಬಾಗಿಲು, ಮೈ ಲೋಹದ್ದಲ್ಲ, ತಟ್ಟಿದರೆ ಡಬ್ಬದ ಸದ್ದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಸಣ್ಣ ಕಾರಿನ ಮಾರುಕಟ್ಟೆಯೇ ಬೇರೆಯಾಯಿತು. ಸಿಪಾನಿ ಸಂಸ್ಥೆ ನಾಲ್ಕು ಬಾಗಿಲಿನ ‘ಮೊಂಟಾನಾ’ವನ್ನು ತಂದರೂ ಗಾಳಿ ಅತ್ತ ತಿರುಗಲಿಲ್ಲ. ಕೊನೆಗೆ ತಯಾರಿಕೆಯೇ ನಿಂತಿತು. ಕಾರು ಕಟ್ಟುವವರು ಕೈಬಿಟ್ಟ ದಿನ ಬಿಡಿಭಾಗಗಳ ಪೂರೈಕೆಯೂ ಕೈಪಿಡಿಯ ಮುದ್ರಣವೂ ನಿಲ್ಲುತ್ತವೆ. ಉಳಿಯುವುದು ಅದನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ಕುಗಳ ನೆನಪು ಮಾತ್ರ.

ಮೈಸೂರಿನ ಜಾವಾ, ಯಜ್ಡಿ ಬೈಕುಗಳೊಡನೆ ಹೋಲಿಸಿದರೆ ಈ ಮಾತಿನ ತೂಕ ತಿಳಿಯುತ್ತದೆ. 1960ರಲ್ಲಿ ಸ್ಥಾಪನೆಯಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳಿಗೆ ಇಂದಿಗೂ ಅಭಿಮಾನಿಗಳ ಬಳಗವಿದೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅವರು ಜಾವಾ ದಿನವನ್ನು ಆಚರಿಸುತ್ತಾರೆ. ಬಿಡಿಭಾಗಗಳನ್ನು ಹೊಸದಾಗಿ ಮಾಡಿಸಿ ಮಾರುವವರೂ ಇದ್ದಾರೆ. ನೂರಾರು ಪ್ರತಿಗಳಲ್ಲಿ ಉಳಿದ ಕಾವ್ಯಕ್ಕೂ ಒಂದೆರಡು ಓಲೆಗರಿಯ ಕಟ್ಟುಗಳಲ್ಲಿ ಮಾತ್ರ ಉಳಿದ ಕಾವ್ಯಕ್ಕೂ ಇರುವ ಅಂತರವೇ ಜಾವಾಕ್ಕೂ ಡಾಲ್ಫಿನ್ನಿಗೂ ಇದೆ. ಪ್ರತಿಗಳು ಕಡಿಮೆಯಾದಷ್ಟೂ ಒಂದೊಂದು ಗರಿಯ ಮೇಲೂ ಬೀಳುವ ಹೊಣೆ ಹೆಚ್ಚು.

ರಾಯದುರ್ಗ, ಮಡಕಶಿರಾಗಳಿಗೂ ಇಂಥ ಕಾರುಗಳಿಗೂ ಏನು ನಂಟು ಎಂದು ಕೇಳಬಹುದು. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ರಚನೆಯಾದ ಆ ದಿನ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಮೊದಲಿನಿಂದ ಅನಂತಪುರ ಜಿಲ್ಲೆಯದೇ ಆಗಿದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಭೂಪಟದಲ್ಲಿ ನೋಡಿದರೆ ಅದು ಕರ್ನಾಟಕದ ಒಡಲೊಳಗೆ ಚಾಚಿದ ನಾಲಿಗೆಯಂತೆ ಕಾಣುತ್ತದೆ. ಆಡಳಿತದ ಗೆರೆ ಎಲ್ಲಿದ್ದರೂ ವಾಹನಗಳ ದಾರಿ ಹಳೆಯದೇ. ರಾಯದುರ್ಗದವರಿಗೆ ಬಳ್ಳಾರಿ ಸುಮಾರು 50 ಕಿಲೋಮೀಟರ್. ಮಡಕಶಿರಾದವರಿಗೆ ಶಿರಾ, ಹಿಂದೂಪುರಗಳು ಹತ್ತಿರ, ಬೆಂಗಳೂರು ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರ. ಮಹಾನಗರದಲ್ಲಿ ಹಳತಾದ ವಾಹನ ಸಣ್ಣ ಊರಿಗೆ ಇಳಿದು ಬರುವುದು ವಾಡಿಕೆ. ಅಲ್ಲಿಂದ ಮುಂದೆ ಅದಕ್ಕಿರುವುದು ಗುಜರಿಯ ದಾರಿ, ಇಲ್ಲವೇ ಯಾರಾದರೊಬ್ಬರ ಹಿತ್ತಿಲು.

ಈ ಹಿತ್ತಿಲುಗಳ ಹವೆಗೂ ಒಂದು ಗುಣವಿದೆ. ಅನಂತಪುರ ಸೀಮೆ ದೇಶದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಕರಾವಳಿಯಲ್ಲಿ ಕೆಲವೇ ವರ್ಷಗಳಲ್ಲಿ ತುಕ್ಕು ತಿಂದು ಹಾಕುವ ಉಕ್ಕು ಇಲ್ಲಿ ದಶಕಗಳ ಕಾಲ ತಾಳುತ್ತದೆ. ಅದೇ ಬಿಸಿಲು ರಬ್ಬರನ್ನು ಸೀಳುತ್ತದೆ, ತಂತಿಯ ಹೊದಿಕೆಯನ್ನು ಬಿರುಸಾಗಿಸುತ್ತದೆ, ಬಣ್ಣವನ್ನು ಸುಣ್ಣದ ಪುಡಿಯಂತೆ ಮಾಡುತ್ತದೆ. ಕೊಳವೆ ಬಾವಿಯ ನೀರು ಗಡಸು. ಅದನ್ನೇ ರೇಡಿಯೇಟರಿಗೆ ತುಂಬಿದರೆ ಒಳಗೆ ಸುಣ್ಣದ ಪದರ ಕಟ್ಟಿಕೊಂಡು ಎಂಜಿನ್ ಕಾಯುತ್ತದೆ. ಅಲ್ಯೂಮಿನಿಯಂ ಎಂಜಿನ್ನಿಗೆ ಅಂಥ ಕಾವು ಶತ್ರು, ಮೊದಲು ಹೋಗುವುದು ಹೆಡ್ ಗ್ಯಾಸ್ಕೆಟ್. ಇಂಗ್ಲೆಂಡಿನ ಕೈಪಿಡಿಯಲ್ಲಿ ತುಕ್ಕಿನ ಬಗ್ಗೆ ಎಷ್ಟೇ ಪುಟಗಳಿದ್ದರೂ ಈ ನೆಲಕ್ಕೆ ಬೇಕಾದ ಅಧ್ಯಾಯ ಬೇರೆಯೇ. ಬಟ್ಟಿ ಇಳಿಸಿದ ನೀರನ್ನೂ ಕೂಲಂಟನ್ನೂ ಬಳಸಬೇಕು, ರಬ್ಬರಿನ ಒಂದೊಂದು ತುಂಡನ್ನೂ ಅನುಮಾನದಿಂದ ನೋಡಬೇಕು ಎಂಬ ಆ ಅಧ್ಯಾಯವನ್ನು ಇಲ್ಲಿಯವರೇ ಬರೆಯಬೇಕಾಗಿದೆ.

ಕೆಲಸದ ಮೊದಲ ಹಂತ ಪಾನ ಹಿಡಿಯುವುದರಿಂದ ಆರಂಭವಾಗಬಾರದು. ಬಿಚ್ಚುವುದು ಸುಲಭ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಕಾರಿಗೂ ಸಲ್ಲುತ್ತದೆ. ಒಂದು ಭಾನುವಾರದ ಉತ್ಸಾಹದಲ್ಲಿ ಬಿಚ್ಚಿ ಹರಡಿದ ಕಾರು ಆಮೇಲೆ ಡಬ್ಬಗಳಲ್ಲಿ ತುಂಬಿದ ನಟ್ಟು ಬೋಲ್ಟುಗಳ ರಾಶಿಯಾಗಿ, ಕೊನೆಗೆ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಹಳೆಯ ಕಾರುಗಳು ಹೆಚ್ಚಾಗಿ ಹಾಳಾಗುವುದು ನಿಂತಲ್ಲಿ ಅಲ್ಲ, ಅರ್ಧ ಬಿಚ್ಚಿದಲ್ಲಿ. ಆದ್ದರಿಂದ ಮೊದಲು ಬೇಕಾದುದು ನೋಟುಪುಸ್ತಕ, ಪೆನ್ಸಿಲು, ಚೀಟಿ, ದಾರ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಬೋಲ್ಟಿನ ಉದ್ದವೆಷ್ಟು, ಅದರ ಕೆಳಗೆ ಎಷ್ಟು ವಾಷರುಗಳಿದ್ದವು, ಎಲ್ಲಿ ಎಣ್ಣೆ ಸೋರಿದ ಗುರುತಿದೆ ಎಂಬುದನ್ನು ಬರೆದುಕೊಂಡು, ಚಿತ್ರ ತೆಗೆದುಕೊಂಡು, ಆಮೇಲೆ ಮೊದಲ ಬೋಲ್ಟನ್ನು ಸಡಿಲಿಸಬೇಕು. ಹಸ್ತಪ್ರತಿಯ ಕಟ್ಟನ್ನು ಬಿಚ್ಚುವ ಮುನ್ನ ಗರಿಗಳ ಸಂಖ್ಯೆಯನ್ನೂ ಕ್ರಮವನ್ನೂ ಗುರುತು ಮಾಡಿಕೊಳ್ಳುವವರು ಇದನ್ನೇ ಮಾಡುತ್ತಾರೆ.

ಎರಡನೆಯ ಹಂತದಲ್ಲಿ ಬಹುಪಾಲು ಜನರ ಕಣ್ಣು ಎಂಜಿನ್ನಿನ ಮೇಲೆ ಬೀಳುತ್ತದೆ. ವೇಗದ ಕಾರಲ್ಲವೇ, ಅದರ ಸದ್ದನ್ನು ಕೇಳುವ ಆತುರ. ಆದರೆ ನಿಲ್ಲಲಾರದ ಕಾರನ್ನು ಓಡಿಸುವುದು ವಿವೇಕವಲ್ಲ. ಬ್ರೇಕು ಮೊದಲು. ಮಾಸ್ಟರ್ ಸಿಲಿಂಡರಿನಲ್ಲಿಯೂ ಗಾಲಿಗಳ ಸಿಲಿಂಡರುಗಳಲ್ಲಿಯೂ ಇರುವ ರಬ್ಬರ್ ಬಟ್ಟಲುಗಳು ವರ್ಷಗಟ್ಟಲೆ ನಿಂತ ಕಾರಿನಲ್ಲಿ ಗಟ್ಟಿಯಾಗಿರುತ್ತವೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಂಡು ಒಳಗಿನ ಲೋಹವನ್ನು ತಿಂದಿರುತ್ತದೆ. ಅವನ್ನೆಲ್ಲ ಬದಲಿಸಿ, ನಾಲ್ಕು ಗಾಲಿಗಳೂ ಒಂದೇ ಸಮನೆ ಹಿಡಿಯುತ್ತವೆ ಎಂದು ಖಚಿತವಾದ ಮೇಲೆ ಎಂಜಿನ್ನಿನ ಸರದಿ. ಬಹುಕಾಲ ನಿಂತ ಎಂಜಿನ್ನಿಗೆ ನೇರವಾಗಿ ಬ್ಯಾಟರಿ ಕೊಡುವುದು ಅಪಾಯ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಸಿಲಿಂಡರುಗಳೊಳಗೆ ತೆಳುವಾದ ಎಣ್ಣೆಯನ್ನು ಬಿಟ್ಟು, ಕೆಲವು ದಿನ ನೆನೆಯಲು ಬಿಟ್ಟು, ಕೈಯಿಂದಲೇ ನಿಧಾನವಾಗಿ ತಿರುಗಿಸಬೇಕು. ಬಿಗಿದುಕೊಂಡ ಪಿಸ್ಟನ್ನನ್ನು ಬಲಪ್ರಯೋಗದಿಂದ ಅಲ್ಲಾಡಿಸಿದವರು ಒಂದು ತೊಂದರೆಯನ್ನು ಮೂರಾಗಿಸುತ್ತಾರೆ.

ಫೈಬರ್ ಗ್ಲಾಸಿನ ಮೈ ಮತ್ತೊಂದು ಪಾಠವನ್ನು ಹೇಳುತ್ತದೆ. ಉಕ್ಕಿನ ಮೈಯುಳ್ಳ ಕಾರಿನಲ್ಲಿ ದೀಪಕ್ಕೆ ಒಂದು ತಂತಿ ಕೊಟ್ಟರೆ ಸಾಕು, ಮರಳುವ ವಿದ್ಯುತ್ತಿಗೆ ಮೈಯೇ ದಾರಿಯಾಗುತ್ತದೆ. ಫೈಬರ್ ಗ್ಲಾಸಿನ ಮೂಲಕ ವಿದ್ಯುತ್ತು ಹರಿಯದು. ಪ್ರತಿಯೊಂದು ದೀಪಕ್ಕೂ ಹಾರ್ನಿಗೂ ಚಾಸಿಸ್ಸಿಗೆ ಮರಳುವ ಅರ್ತ್ ತಂತಿ ಬೇರೆಯಾಗಿಯೇ ಬೇಕು. ಇದನ್ನು ಅರಿಯದ ಮೆಕ್ಯಾನಿಕ್ಕು ದೀಪ ಮಂಕಾದಾಗ ಬಲ್ಬು ಬದಲಿಸುತ್ತಾನೆ, ಬ್ಯಾಟರಿ ಬದಲಿಸುತ್ತಾನೆ. ದೋಷ ಮಾತ್ರ ಸಡಿಲವಾದ ಒಂದು ಅರ್ತ್ ತಂತಿಯಲ್ಲಿರುತ್ತದೆ. ಇನ್ನು ಮೈಯಲ್ಲಿ ಎದ್ದ ಬಿರುಕನ್ನು ಮುಚ್ಚಲು ಬೇಕಾಗುವ ರಾಳ, ಗಾಜಿನ ನಾರಿನ ಹಾಸು, ಗಟ್ಟಿಕಾರಕ ಇವು ಮನೆಯಲ್ಲಿಯೇ ಬಳಸಬಹುದಾದ ವಸ್ತುಗಳು. ರಾಯದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ರಾಳ ಕಲಸಿದರೆ ಹಚ್ಚುವ ಮೊದಲೇ ಬಟ್ಟಲಿನಲ್ಲಿ ಗಟ್ಟಿಯಾಗುತ್ತದೆ. ಬೆಳಗಿನ ತಂಪಿನಲ್ಲಿ, ಗಟ್ಟಿಕಾರಕವನ್ನು ತಯಾರಕರು ಹೇಳಿದ ಮಿತಿಯ ಕೆಳತುದಿಯಲ್ಲಿ ಬೆರೆಸಿ, ಸ್ವಲ್ಪ ಸ್ವಲ್ಪವೇ ಕಲಸಿ, ಮೂಗಿಗೆ ಮುಖಗವಸು ಕಟ್ಟಿಕೊಂಡು ಕೆಲಸ ಮಾಡಬೇಕು. ಉಕ್ಕಿನ ಮೈಯವರಿಗೆ ಇರದ ಒಂದು ಅಪಾಯವೂ ಇಲ್ಲಿದೆ: ಮೈಗೆ ತುಕ್ಕು ಹಿಡಿಯದೆ ಹೊಳೆಯುತ್ತಿದ್ದರೂ ಕೆಳಗಿನ ಚಾಸಿಸ್ಸು ಕದ್ದು ತುಕ್ಕು ತಿನ್ನುತ್ತಿರಬಹುದು. ಹೊರಗಿನ ಹೊಳಪನ್ನು ನಂಬಿ ಕೊಂಡವರು ಕೆಳಗೆ ಬಾಗಿ ನೋಡಲೇಬೇಕು.

ಇಲ್ಲಿಯವರೆಗಿನದು ಕೈಕೆಲಸ. ಮುಂದಿನದು ತೀರ್ಮಾನದ ವಿಷಯ, ಅಭಿಪ್ರಾಯಭೇದವಿರುವುದೂ ಇಲ್ಲಿಯೇ. ಮರಾಠಿಯಲ್ಲಿ ಚಿಕ್ಕಪುಟ್ಟ ರಿಪೇರಿಗೆ ‘ಡಾಗಡುಜಿ’ ಎಂಬ ಮಾತಿದೆ. ಗೋಡೆಯ ಸಂದಿಗೆ ಗಾರೆ ಮೆತ್ತುವುದು, ಸೋರುವ ಹೆಂಚನ್ನು ಬದಲಿಸುವುದು ಡಾಗಡುಜಿ. ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡುವುದು ನವೀಕರಣ. ಇವೆರಡರ ನಡುವೆ ಜೀರ್ಣೋದ್ಧಾರ ನಿಲ್ಲುತ್ತದೆ: ಸವೆದುದನ್ನು ಎತ್ತಿ ನಿಲ್ಲಿಸುವುದು, ಆದರೆ ಅದು ಹಿಂದೆ ಏನಾಗಿತ್ತೋ ಅದೇ ಆಗಿ ನಿಲ್ಲಿಸುವುದು. ಇಂದು ಹಣ ಕೊಟ್ಟರೆ ಹಳೆಯ ಕಾರನ್ನು ಕೆಲವೇ ವಾರಗಳಲ್ಲಿ ಕನ್ನಡಿಯಂತೆ ಹೊಳೆಯಿಸಿ ಕೊಡುವ ಅಂಗಡಿಗಳಿವೆ. ಹೊಸ ಬಣ್ಣ, ಹೊಸ ಸೀಟು, ಬೇರೆ ಕಾರಿನ ಎಂಜಿನ್ನು, ದೊಡ್ಡ ಗಾಲಿಗಳು. ಅದು ಚೆಂದವೇ ಇರಬಹುದು. ಆದರೆ 1980ರ ದಶಕದ ಬೆಂಗಳೂರಿನಲ್ಲಿ ಹಗುರವಾದ ಕಾರೊಂದನ್ನು ಕಟ್ಟಿದವರು ಯಾವ ಲೆಕ್ಕಾಚಾರದಿಂದ ಕಟ್ಟಿದರು ಎಂಬ ಪ್ರಶ್ನೆಗೆ ಆ ಕಾರು ಇನ್ನು ಉತ್ತರ ಕೊಡಲಾರದು. ಹಳಗನ್ನಡದ ಕಠಿಣ ಪದಗಳನ್ನೆಲ್ಲ ತೆಗೆದು ಸುಲಭವಾದ ಪದಗಳನ್ನು ಹಾಕಿ ಅಂದವಾಗಿ ಅಚ್ಚು ಮಾಡಿದ ಕಾವ್ಯ ಓದಲು ಹಗುರ; ಅದರಿಂದ ಕವಿಯನ್ನು ಕಾಣಲು ಆಗದು.

ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗಳಿಗೆ ಪಾಠಾಂತರ, ಪ್ರಕ್ಷೇಪ, ಲಿಪಿಕಾರನ ಸ್ಖಾಲಿತ್ಯ ಎಂಬ ಮಾತುಗಳು ಪರೀಕ್ಷೆಯ ಮಾತುಗಳಾಗಿ ಉಳಿದುಬಿಡುವುದುಂಟು. ಹಳೆಯ ಕಾರಿನ ಬಾನೆಟ್ಟಿನ ಕೆಳಗೆ ಅವು ಕಣ್ಣಿಗೆ ಕಾಣುತ್ತವೆ. ಕೆಂಪು ತಂತಿಯಿರಬೇಕಾದಲ್ಲಿ ಹಸಿರು ತಂತಿಯನ್ನು ಜೋಡಿಸಿದವನು ಲಿಪಿಕಾರನಂತೆಯೇ ಅವಸರದಲ್ಲಿದ್ದವನು. ಕಾರ್ಬ್ಯುರೇಟರಿನ ಬುಡದಲ್ಲಿ ಮತ್ತೊಂದು ಕಾರಿನ ಬೋಲ್ಟು ಕುಳಿತಿದ್ದರೆ ಅದು ಪ್ರಕ್ಷೇಪ. ಸಂಪಾದಕನ ಮೊದಲ ಕರ್ತವ್ಯ ಇವನ್ನು ಗುರುತಿಸುವುದು, ಎರಡನೆಯದು ಕಾರಣವನ್ನು ಊಹಿಸುವುದು, ಮೂರನೆಯದು ತಾನು ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಅಡಿಟಿಪ್ಪಣಿಯಲ್ಲಿ ಒಪ್ಪಿಕೊಳ್ಳುವುದು.

ಇಲ್ಲಿ ಒಂದು ಎಚ್ಚರ ಬೇಕು. ಮೂಲದಲ್ಲಿ ಇಲ್ಲದ್ದನ್ನೆಲ್ಲ ಕಿತ್ತೆಸೆಯುವ ಶುದ್ಧತಾವಾದ ಜೀರ್ಣೋದ್ಧಾರಕ್ಕೆ ಒಪ್ಪುವುದಿಲ್ಲ. ಬಿಡಿಭಾಗ ಸಿಗದ ಕಾಲದಲ್ಲಿ ಸಣ್ಣ ಊರಿನ ಮೆಕ್ಯಾನಿಕ್ಕೊಬ್ಬ ಲಾರಿಯ ರಬ್ಬರನ್ನು ಕತ್ತರಿಸಿ ಎಂಜಿನ್ನಿನ ಕೆಳಗೆ ದಿಂಡು ಮಾಡಿ ಇಟ್ಟಿದ್ದರೆ, ಹಿತ್ತಾಳೆಯ ತುಂಡನ್ನು ಅರದಿಂದ ಉಜ್ಜಿ ಬುಷ್ ಮಾಡಿದ್ದರೆ, ಅದೂ ಆ ಕಾರಿನ ಚರಿತ್ರೆಯೇ. ಕಾರ್ಖಾನೆಯಿಂದ ಹೊರಬಿದ್ದ ದಿನದ ಕಾರು ಮಾತ್ರ ಸತ್ಯ, ಆಮೇಲಿನ ಮೂವತ್ತು ವರ್ಷ ಸುಳ್ಳು ಎಂದು ಹೇಳಲಾಗದು. ಕೆಲಸ ಮಾಡುತ್ತಿರುವ ಅಂಥ ತುಂಡನ್ನು ಉಳಿಸಬಹುದು. ಸವೆದುಹೋಗಿದ್ದರೆ ತೆಗೆದು, ಚೀಟಿ ಕಟ್ಟಿ, ಡಬ್ಬದಲ್ಲಿ ಇಡಬೇಕು. ಅದನ್ನು ಮಾಡಿದ ಕೈಯ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಬೇಕು.

ಮೂಲವನ್ನು ಬಿಡಲೇಬೇಕಾದ ಸಂದರ್ಭಗಳೂ ಇವೆ. ದೇಶದ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ 2025ರ ಹೊತ್ತಿಗೆ ಶೇಕಡಾ 20ಕ್ಕೆ ಮುಟ್ಟಿದೆ. 1980ರ ದಶಕದ ರಬ್ಬರ್ ಕೊಳವೆಗಳನ್ನೂ ಕಾರ್ಬ್ಯುರೇಟರಿನ ಸೀಲುಗಳನ್ನೂ ಈ ಇಂಧನಕ್ಕಾಗಿ ಮಾಡಿರಲಿಲ್ಲ. ಎಥನಾಲ್ ಅವನ್ನು ಉಬ್ಬಿಸಬಹುದು, ಬಿರಿಯಿಸಬಹುದು. ತೇವವನ್ನು ಸೆಳೆದು ಟ್ಯಾಂಕಿನೊಳಗೆ ತುಕ್ಕನ್ನು ತರಬಹುದು. ಮೂಲನಿಷ್ಠೆಯ ಹೆಸರಿನಲ್ಲಿ ಹಳೆಯ ಕೊಳವೆಯನ್ನೇ ಉಳಿಸಿದರೆ ಬೆಂಕಿಯ ಅಪಾಯ ಕಾದಿರುತ್ತದೆ. ಇಂಥಲ್ಲಿ ಹೊಸ ವಸ್ತುವಿನ ಕೊಳವೆಯನ್ನು ಹಾಕಿ, ಬದಲಾವಣೆಯನ್ನು ದಾಖಲಿಸುವುದೇ ಪ್ರಾಮಾಣಿಕತೆ. ಪ್ರಾಣಕ್ಕೆ ಸಂಬಂಧಿಸಿದಲ್ಲಿ ಹೊಸದು, ರೂಪಕ್ಕೂ ನಡೆಗೂ ಸಂಬಂಧಿಸಿದಲ್ಲಿ ಹಳೆಯದು, ಎರಡಕ್ಕೂ ಲಿಖಿತ ದಾಖಲೆ: ಮನೆಯಲ್ಲಿ ಕೆಲಸ ಮಾಡುವವರಿಗೆ ಇಷ್ಟು ನಿಯಮ ಸಾಕು.

ಇದೆಲ್ಲ ನಿಧಾನವಾಗಿಯೇ ಏಕೆ ಆಗಬೇಕು? ಹಣದ ಕಾರಣ ಎಲ್ಲರಿಗೂ ಗೊತ್ತು; ಸಂಬಳದವನು ತಿಂಗಳಿಗೊಂದು ಬಿಡಿಭಾಗವನ್ನು ಮಾತ್ರ ಕೊಳ್ಳಬಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಸಿಗದಿದ್ದರೆ ಇಂಗ್ಲೆಂಡಿನ ರಿಲಯಂಟ್ ಒಡೆಯರ ಬಳಗಗಳತ್ತ ಕೈಚಾಚಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಆದರೆ ಹಣವಿದ್ದರೂ ನಿಧಾನ ಬೇಕು. ಯಾವ ಸದ್ದು ಸಹಜ, ಯಾವುದು ರೋಗ ಎಂಬುದು ಒಂದು ವಾರದ ಪರಿಚಯದಲ್ಲಿ ತಿಳಿಯದು. ಮೊದಲ ತಿಂಗಳಲ್ಲಿ ಕಸವೆಂದು ಕಂಡ ತುಂಡು ಆರನೆಯ ತಿಂಗಳಲ್ಲಿ ಅತ್ಯಗತ್ಯವೆಂದು ತಿಳಿಯುವುದುಂಟು. ಅಷ್ಟರಲ್ಲಿ ಅದನ್ನು ಎಸೆದಿದ್ದರೆ ಮರಳಿ ಬಾರದು. ನಿಧಾನವೇ ಪ್ರಧಾನ ಎಂದು ಹಿರಿಯರು ಹೇಳಿದ ಮಾತಿಗೆ ಹಿತ್ತಿಲಿನ ಶೆಡ್ಡಿನಲ್ಲಿ ಈ ಅರ್ಥ: ತಿದ್ದುವ ಹಕ್ಕು ಓದಿ ಮುಗಿಸಿದವನಿಗೆ ಮಾತ್ರ.

ಈ ನಿಲುವಿಗೆ ಆಕ್ಷೇಪಣೆಗಳಿವೆ, ಅವು ಹಗುರವಾದವುಗಳೂ ಅಲ್ಲ. ಮಳೆಯನ್ನು ನಂಬಿದ, ಶೇಂಗಾ ಬೆಳೆ ಕೈಕೊಟ್ಟರೆ ಗುಳೆ ಹೋಗುವ ಸೀಮೆಯಲ್ಲಿ ಹಳೆಯ ಕಾರಿನ ಮೋಹ ಶ್ರೀಮಂತರ ಚಪಲವಲ್ಲವೇ ಎಂಬುದು ಮೊದಲನೆಯದು. ಧರ್ಮಸ್ಥಳದ ಕಾರುಗಳ ಸಂಗ್ರಹವನ್ನೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯವನ್ನೋ ನೋಡಿದವರಿಗೆ ಹಳೆಯ ಕಾರೆಂದರೆ ದೊಡ್ಡವರ ಸೊತ್ತು ಎನಿಸುವುದು ಸಹಜ. ಆದರೆ ಡಾಲ್ಫಿನ್ ಅರಮನೆಯ ಕಾರಲ್ಲ. ಮಧ್ಯಮವರ್ಗದವರಿಗಾಗಿ ಕಟ್ಟಿ, ಅವರು ಬೇಡವೆಂದ ಕಾರು. ಸಂಗ್ರಹಾಲಯಗಳು ಒಂದೆರಡನ್ನು ಉಳಿಸಬಹುದು, ಆದರೆ ಅಲ್ಲಿ ಅವು ನಿಂತೇ ಇರುತ್ತವೆ. ಓಡುವ ಸ್ಥಿತಿಯಲ್ಲಿ, ಅಂದರೆ ಅರ್ಥವಾಗುವ ಸ್ಥಿತಿಯಲ್ಲಿ ಉಳಿಸುವವರು ಸಾಮಾನ್ಯ ಗೃಹಸ್ಥರೇ ಆಗಬೇಕು. ಹಾಗೆಂದು ಮನೆಯ ಅಕ್ಕಿಯ ಹಣವನ್ನು ಕಾರಿಗೆ ಸುರಿಯಬಾರದು. ಶಾಸನಗಳ ದಾನಿಗಳಂತೆ ಸಣ್ಣದಾದರೂ ನಿಶ್ಚಿತವಾದ ಮೊತ್ತವನ್ನು ಅದಕ್ಕೆಂದು ತೆಗೆದಿಟ್ಟು ಅದರ ಮಿತಿಯಲ್ಲಿಯೇ ನಡೆಯಬೇಕು.

ಎರಡನೆಯ ಆಕ್ಷೇಪಣೆ ಹೊಗೆಯದು. ಹಳೆಯ ಎಂಜಿನ್ನುಗಳು ಇಂದಿನವುಗಳಿಗಿಂತ ಹೆಚ್ಚು ಹೊಗೆಯುಗುಳುತ್ತವೆ ಎಂಬುದು ನಿಜ. ದಿನವೂ ಓಡಿಸುವ ವಾಹನವಾಗಿ ಇಂಥ ಕಾರನ್ನು ಸಮರ್ಥಿಸಲಾಗದು; ತಿಂಗಳಿಗೆ ಒಂದೆರಡು ಬಾರಿ, ಎಂಜಿನ್ನಿನ ಆರೋಗ್ಯಕ್ಕೆ ಬೇಕಾದಷ್ಟು ಓಡಿಸುವುದನ್ನು ಸಮರ್ಥಿಸಬಹುದು.

ಮೂರನೆಯದು ಕಾನೂನಿನ ತೊಡಕು. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ನಂತರ ಪ್ರತಿ 5 ವರ್ಷಕ್ಕೊಮ್ಮೆ ಪರೀಕ್ಷೆಗೊಳಪಡಿಸಿ ನವೀಕರಿಸಬೇಕು. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮಗಳು ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ, ಚಾಸಿಸ್ಸು, ಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನವನ್ನು ‘ವಿಂಟೇಜ್’ ಎಂದು ಮಾನ್ಯ ಮಾಡುತ್ತವೆ. 1960ರ ದಶಕದ ಜಾವಾಕ್ಕೆ ಆ ಮಾನ್ಯತೆ ದೊರೆಯಬಲ್ಲದು. 1980ರ ದಶಕದ ಡಾಲ್ಫಿನ್ನಿಗೆ ಇನ್ನೂ ವಯಸ್ಸಾಗಿಲ್ಲ. ಹದಿನೈದಕ್ಕೂ ಐವತ್ತಕ್ಕೂ ನಡುವಿನ ಮೂವತ್ತೈದು ವರ್ಷಗಳಲ್ಲಿ ಅದು ಹಳೆಯ ವಾಹನ ಮಾತ್ರ, ಪರಂಪರೆಯಲ್ಲ. ಬಹುಪಾಲು ಕಾರುಗಳು ಗುಜರಿಗೆ ಹೋಗುವುದು ಈ ನಡುವಿನ ಕಾಲದಲ್ಲಿಯೇ.

ಗಡಿನಾಡಿನವರಿಗೆ ಇನ್ನೊಂದು ಗಂಟಿದೆ. ಕರ್ನಾಟಕದಲ್ಲಿ ನೋಂದಣಿಯಾದ ಕಾರು ಆಂಧ್ರದಲ್ಲಿ 12 ತಿಂಗಳು ಮೀರಿ ಉಳಿದರೆ ನಿರಾಕ್ಷೇಪಣಾ ಪತ್ರ ತಂದು ಹೊಸದಾಗಿ ನೋಂದಣಿ ಮಾಡಿಸಬೇಕು, ಹೊಸ ಸಂಖ್ಯೆಯನ್ನು ಪಡೆಯಬೇಕು. ಬಳ್ಳಾರಿಯ ಸಂಖ್ಯೆಯ ಕಾರು ರಾಯದುರ್ಗಕ್ಕೆ ಬಂದು ನೆಲೆಸಿದರೆ ಅದರ ಹಳೆಯ ಸಂಖ್ಯೆ ಫಲಕದಿಂದ ಅಳಿಯುತ್ತದೆ. ನಿಯಮವನ್ನು ಪಾಲಿಸಲೇಬೇಕು, ಆದರೆ ಹಳೆಯ ಸಂಖ್ಯೆ, ಹಳೆಯ ಒಡೆಯರ ಪರಂಪರೆ, ಕಾರು ಊರೂರು ದಾಟಿ ಬಂದ ದಾರಿ ಇವೆಲ್ಲ ಮನೆಯ ನೋಟುಪುಸ್ತಕದಲ್ಲಾದರೂ ಉಳಿಯಬೇಕು.

ಮಾತು ಮತ್ತೆ ನೋಟುಪುಸ್ತಕಕ್ಕೇ ಬಂದಿತು. ಈ ಪತ್ರಿಕೆಯ ಓದುಗರಿಗೆ ನೇರವಾಗಿ ಸಂಬಂಧಿಸಿದ ಭಾಗವೂ ಅದೇ. ಈ ಸೀಮೆಯ ಶೆಡ್ಡುಗಳಲ್ಲಿ ಕೆಲಸದ ಮಾತು ಕನ್ನಡ, ತೆಲುಗು, ಉರ್ದುಗಳ ನಡುವೆ ಓಡಾಡುತ್ತದೆ. ‘ದುರಸ್ತಿ’, ‘ಕಾರಖಾನೆ’ಗಳು ಪಾರಸಿಯಿಂದ ಹೊರಟು ಉರ್ದು, ಮರಾಠಿಗಳ ಮೂಲಕ ಕನ್ನಡಕ್ಕೆ ಬಂದವು. ‘ಚಾವಿ’ಯೂ ‘ಮೇಸ್ತ್ರಿ’ಯೂ ಪೋರ್ಚುಗೀಸರು ತಂದ ಮಾತುಗಳು. ‘ಬಂಡಿ’ ಕನ್ನಡಕ್ಕೂ ತೆಲುಗಿಗೂ ಸಮಾನ ಸೊತ್ತು. ಇಂಥ ಮಿಶ್ರಣವನ್ನು ಅಶುದ್ಧವೆಂದು ಕರೆಯುವವರು ಅದರ ಕೆಲಸವನ್ನು ನೋಡಿಲ್ಲ. ಎಂಜಿನ್ ‘ಕೆಮ್ಮುತ್ತದೆ’, ‘ಉಬ್ಬಸ ಪಡುತ್ತದೆ’, ಗೇರು ‘ಕಚ್ಚಿಕೊಳ್ಳುತ್ತದೆ’, ಬ್ರೇಕು ‘ಹಿಡಿಯುತ್ತದೆ’ ಎನ್ನುವಾಗ ಪ್ರತಿಯೊಂದು ಕ್ರಿಯಾಪದವೂ ಒಂದೊಂದು ನಿಖರವಾದ ರೋಗಲಕ್ಷಣವನ್ನು ಹೇಳುತ್ತದೆ. ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಹೊಸ ಕಾರುಗಳ ಕಾಲದಲ್ಲಿ, ಸದ್ದು ಕೇಳಿ ದೋಷ ಹೇಳುವ ತಲೆಮಾರು ಕಡಿಮೆಯಾಗುತ್ತಿದೆ. ಅವರೊಡನೆ ಆ ಕ್ರಿಯಾಪದಗಳೂ ಹೋಗುತ್ತವೆ.

ಕನ್ನಡಕ್ಕೆ ಇಂಥ ವಿದ್ಯೆಯನ್ನು ಬರೆದಿಡುವುದು ಹೊಸ ಕೆಲಸವೇನಲ್ಲ. 11ನೆಯ ಶತಮಾನದಲ್ಲಿ ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ದಲ್ಲಿ ಅಂತರ್ಜಲ, ಮರಗಿಡಗಳ ಆರೈಕೆ, ಅಡುಗೆ ಮುಂತಾದ ನಿತ್ಯೋಪಯೋಗಿ ವಿಷಯಗಳನ್ನು ಕನ್ನಡದಲ್ಲಿ ಹೇಳಿದನು. ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು, ಅಭಿನವಚಂದ್ರನು ಕುದುರೆಗಳ ವೈದ್ಯವನ್ನು ಬರೆದನು. ಅಂದಿನ ಜನರನ್ನೂ ಸರಕನ್ನೂ ಹೊತ್ತು ನಡೆದವು ಎತ್ತು, ಕುದುರೆಗಳು. ಅವುಗಳ ರೋಗಕ್ಕೂ ಆರೈಕೆಗೂ ಕನ್ನಡದಲ್ಲಿ ಶಾಸ್ತ್ರವಿತ್ತು. ಇಂದು ಹೊತ್ತು ನಡೆಯುವ ಬಂಡಿಗಳ ವಿದ್ಯೆಗೆ ಕನ್ನಡದಲ್ಲಿ ಬರೆಹ ವಿರಳ. ಅದು ಶೆಡ್ಡಿನ ಮಾತಿನಲ್ಲಿ ಮಾತ್ರ ಬದುಕಿದೆ. ಐಚ್ಛಿಕ ಕನ್ನಡವನ್ನು ಓದಿದವರಿಗೆ ಉದ್ಯೋಗವೇನಿದೆ ಎಂದು ಕೇಳುವವರಿಗೆ ಉತ್ತರವಾಗದಿದ್ದರೂ, ಕೆಲಸವೇನಿದೆ ಎಂದು ಕೇಳುವವರಿಗೆ ಇದು ಉತ್ತರ.

ಆ ಕೆಲಸಕ್ಕೆ ಕಾರು ಕೊಳ್ಳಬೇಕಾಗಿಲ್ಲ. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ, ತಮ್ಮ ಊರಿನ ಹಿರಿಯ ಮೆಕ್ಯಾನಿಕ್ಕೊಬ್ಬರ ಬಳಿ, ಅವರ ಕೆಲಸಕ್ಕೆ ಅಡ್ಡಿಯಾಗದಂತೆ, ಕೆಲವು ಭಾನುವಾರ ಕುಳಿತರೆ ಸಾಕು. ನೋಟುಪುಸ್ತಕದಲ್ಲಿ ನಾಲ್ಕು ಮನೆಗಳು: ಬಿಡಿಭಾಗಕ್ಕೆ ಅವರು ಕರೆಯುವ ಹೆಸರು, ಅದು ಮಾಡುವ ಕೆಲಸ, ಅದು ಕೆಟ್ಟಾಗ ಕಾಣುವ ಲಕ್ಷಣ, ಸರಿಪಡಿಸುವ ಕ್ರಮ. ಹೆಸರನ್ನು ಗ್ರಾಂಥಿಕವಾಗಿ ತಿದ್ದಬಾರದು. ತೆಲುಗಿನದಾದರೆ ತೆಲುಗಿನದೆಂದೇ, ಉರ್ದುವಿನದಾದರೆ ಉರ್ದುವಿನದೆಂದೇ ಕನ್ನಡ ಲಿಪಿಯಲ್ಲಿ ಬರೆಯಬೇಕು. ಅವರು ಮನೆಯಲ್ಲಿಯೋ ಶೆಡ್ಡಿನಲ್ಲಿಯೋ ಹಳೆಯ ಕಾರೊಂದನ್ನು ಎತ್ತಿ ನಿಲ್ಲಿಸುತ್ತಿದ್ದರೆ, ಪ್ರತಿ ಹಂತದ ದಿನಾಂಕವನ್ನೂ ಬದಲಾದ ಭಾಗವನ್ನೂ ಸೇರಿಸಬೇಕು. ಒಂದು ಪ್ರತಿಯನ್ನು ಆ ಮೆಕ್ಯಾನಿಕ್ಕಿಗೇ ಕೊಡಬೇಕು. ಅವರ ವಿದ್ಯೆ ಅವರ ಹೆಸರಿನಲ್ಲಿಯೇ ಇರಬೇಕು. ಇನ್ನೊಂದು ಪ್ರತಿ ವಿಭಾಗದ ಗ್ರಂಥಾಲಯದಲ್ಲಿ ಶಾಸನ ಸಂಪುಟಗಳ ಪಕ್ಕದ ಕಪಾಟಿನಲ್ಲಿ ಇರಲಿ.

ಹೇಮಾವತಿಯ ಗುಡಿಗಳು ಇಂದಿಗೂ ನಿಂತಿರುವುದಕ್ಕೆ ಕಟ್ಟಿದವರು ಕಾರಣರಾದಷ್ಟೇ ಬಿರುಕು ಮುಚ್ಚಿದವರೂ ಕಾರಣರು. ಅವರಲ್ಲಿ ಬಹುಪಾಲು ಜನರ ಹೆಸರು ಯಾವ ಕಲ್ಲಿನ ಮೇಲೂ ಉಳಿದಿಲ್ಲ. ಹಿತ್ತಿಲಿನಲ್ಲಿ ಒಂದು ಡಾಲ್ಫಿನ್ನನ್ನೋ ಜಾವಾವನ್ನೋ ತಿಂಗಳಿಗೊಂದು ಭಾಗದಂತೆ ಸರಿಪಡಿಸುತ್ತಿರುವವರಿಗೂ ಅವರ ಜೊತೆ ಪಾನ ಹಿಡಿದು ನಿಂತಿರುವ ಮೇಸ್ತ್ರಿಗಳಿಗೂ ಹಾಗಾಗದಂತೆ ನೋಡಿಕೊಳ್ಳಲು ಇನ್ನೂ ಸಮಯವಿದೆ. ಮುಂದಿನ ರಜೆಯೊಳಗೆ ಒಂದೆರಡು ನೋಟುಪುಸ್ತಕಗಳಾದರೂ ತುಂಬಲಿ.